ಬಚ್ಚಲಿನ ನೀರು ಜಾಲರಿಗೆ ಹೋಗುವುದಿಲ್ಲ ಏಕೆ?

ಗೃಹಪ್ರವೇಶವಾಗಿ ವಾರ ಕಳೆಯುವುದರೊಳಗೆ ಎಷ್ಟೋ ಹೊಸ ಮನೆಗಳಲ್ಲಿ ಒಂದು ಪೊರಕೆ ಬಚ್ಚಲುಮನೆಗೆ ವರ್ಗವಾಗುತ್ತದೆ. ಸ್ನಾನವಾದ ಮೇಲೆ ಬಾಗಿಲ ಬಳಿ ನಿಂತ ನೀರನ್ನು ಜಾಲರಿಯ ಕಡೆಗೆ ತಳ್ಳುವುದು ಅದರ ಕೆಲಸ. ಮನೆಯವರು ಮೇಸ್ತ್ರಿಯನ್ನು ಬೈಯುತ್ತಾರೆ, ಮೇಸ್ತ್ರಿ ಪ್ಲಂಬರನ್ನು ತೋರಿಸುತ್ತಾನೆ, ಪ್ಲಂಬರ್ ಫೋನ್ ಎತ್ತುವುದಿಲ್ಲ. ನಿಜ ಸಂಗತಿ ಬೇರೆಯೇ ಇರುತ್ತದೆ. ಆ ಬಚ್ಚಲಿನ ನೆಲವನ್ನು ಹಾಸಿದವನು ಮೇಸ್ತ್ರಿಯೇ ಅಲ್ಲದಿರಬಹುದು. ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾದ ಹುಡುಗನೊಬ್ಬ ಜೀವನದಲ್ಲಿ ಮೊದಲ ಬಾರಿ ಸ್ವತಂತ್ರವಾಗಿ ಹಾಸಿದ ನೆಲ ಅದಾಗಿರುವ ಸಾಧ್ಯತೆ ಸಾಕಷ್ಟಿದೆ. ಅವನ ಪಾಠಕ್ಕೆ ಫೀಸು ಕಟ್ಟಿದವರು ನೀವು, ನಿಮಗೆ ಯಾರೂ ಹೇಳಿರಲಿಲ್ಲ ಅಷ್ಟೆ.

ನೆಲ ಹಾಸುವ ಕೆಲಸವನ್ನು ನಮ್ಮಲ್ಲಿ ಹೇಗೆ ಕಲಿಯುತ್ತಾರೆ, ಕಲಿಯಲು ಅದರಲ್ಲಿ ಏನಿದೆ, ಕಲಿಕೆಯ ಖರ್ಚನ್ನು ಯಾರು ಹೊರುತ್ತಾರೆ? ಈ ಮೂರನ್ನು ಬಿಡಿಸಿ ನೋಡಿದರೆ ಪೊರಕೆಯ ರಹಸ್ಯ ಬಯಲಾಗುತ್ತದೆ.

ಸೈಟಿಗೆ ಬಂದ ಹುಡುಗನಿಗೆ ಮೊದಲ ಕೆಲವು ತಿಂಗಳು ಹೊರುವುದೇ ಕೆಲಸ. ಎರಡಡಿ ಚದರದ ನಾಲ್ಕು ಟೈಲ್ಸ್ ಇರುವ ಒಂದು ಪೆಟ್ಟಿಗೆ ಹತ್ತಿರ ಹತ್ತಿರ 30 ಕೆ.ಜಿ. ತೂಗುತ್ತದೆ. ಅದನ್ನು ಮೂರನೇ ಮಹಡಿಗೆ ಮೂಲೆ ಮುಕ್ಕಾಗದಂತೆ ಸಾಗಿಸುವುದನ್ನು ಕಲಿತ ಮೇಲೆ ಗಾರೆ ಕಲಸುವುದು. ನೆಲದ ಕೆಳಗೆ ಹಾಕುವ ಗಾರೆ ಗೋಡೆಗೆ ಮೆತ್ತುವ ಗಾರೆಯಂತೆ ಇರಬಾರದು, ಅರೆ ಒಣಗಿದಂತಿರಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ಉಂಡೆಯಾಗಿಯೇ ನಿಲ್ಲಬೇಕು, ಬೆರಳಸಂದಿಯಿಂದ ನೀರು ಇಳಿಯಬಾರದು. ನೀರು ಹೆಚ್ಚಾದರೆ ಗಾರೆ ಒಣಗುವಾಗ ಕುಗ್ಗುತ್ತದೆ, ಟೈಲ್ ಮೇಲೆಯೇ ಉಳಿಯುತ್ತದೆ, ನಡುವೆ ಗಾಳಿ ಸೇರುತ್ತದೆ. ನಾಣ್ಯದಿಂದ ತಟ್ಟಿದಾಗ ಬರುವ ಟೊಳ್ಳು ಸದ್ದಿನ ಮೂಲಗಳಲ್ಲಿ ಇದೊಂದು. ಮರಳಿನಲ್ಲಿ ಎಷ್ಟು ತೇವವಿದೆ ಎಂಬುದು ದಿನದಿನಕ್ಕೂ ಬದಲಾಗುವುದರಿಂದ ಇಷ್ಟು ಬಕೆಟ್ ನೀರು ಎಂದು ಲೆಕ್ಕ ಬರೆದುಕೊಟ್ಟರೆ ಪ್ರಯೋಜನವಿಲ್ಲ. ಅಂಗೈ ಕಲಿಯಬೇಕು. ಕಲ್ಲು ಪುಡಿಮಾಡಿದ ಎಂ-ಸ್ಯಾಂಡ್ ಬಂದಾಗ ಹೊಳೆಮರಳಿಗೆ ಪಳಗಿದ್ದ ಅಂಗೈಗಳೂ ಮತ್ತೆ ಕಲಿಯಬೇಕಾಯಿತು.

ಆಮೇಲೆ ಟೈಲ್ಸ್ ಕತ್ತರಿಸುವುದು, ಸಂದಿಗಳಿಗೆ ಗ್ರೌಟ್ ತುಂಬುವುದು, ಗೋಡೆಯ ಬುಡದ ಪಟ್ಟಿ, ಅಂದರೆ ಸ್ಕರ್ಟಿಂಗ್ ಕೂರಿಸುವುದು. ಇವೆಲ್ಲ ಅಂಚಿನ ಕೆಲಸಗಳು, ತಪ್ಪಿದರೆ ತಿದ್ದಬಹುದು. ಕರಣೆ ಕೈಗೆ ಬರುವುದು ಇವುಗಳ ನಂತರ. ಕೊನೆಗೆ ಸಿಗುವುದು ದಾರ. ಗೋಡೆಯಿಂದ ಗೋಡೆಗೆ ದಾರ ಕಟ್ಟಿ ಮೊದಲ ಸಾಲು ಎಲ್ಲಿಂದ ಶುರುವಾಗಬೇಕು ಎಂದು ತೀರ್ಮಾನಿಸುವವನೇ ಮೇಸ್ತ್ರಿ. ಉಳಿದವರು ಎಷ್ಟೇ ಚೆನ್ನಾಗಿ ಹಾಸಲಿ, ದಾರ ಕಟ್ಟಲು ಬಾರದಿದ್ದರೆ ಕೈಯಾಳುಗಳೇ.

ದಾರದಲ್ಲಿ ಅಂಥದ್ದೇನಿದೆ ಎಂದು ನನಗೂ ಅನ್ನಿಸುತ್ತಿತ್ತು. ನಮ್ಮ ಕೋಣೆಗಳ ಮೂಲೆಗಳು ಬಹುಮಟ್ಟಿಗೆ ನೇರವಾಗಿರುವುದಿಲ್ಲ. ಗೋಡೆಯನ್ನೇ ನಂಬಿ ಹಾಸುತ್ತ ಹೋದರೆ, ಒಂದು ಟೈಲಿನ ಉದ್ದಕ್ಕೆ ಐದು ಮಿಲಿಮೀಟರ್ ಓರೆ ಇದ್ದರೂ ಹತ್ತು ಟೈಲ್ಸ್ ದಾಟುವ ಹೊತ್ತಿಗೆ ಐದು ಸೆಂಟಿಮೀಟರ್ ಆಗಿರುತ್ತದೆ. ಎದುರು ಗೋಡೆಯ ಬುಡದಲ್ಲಿ ಒಂದು ತುದಿ ಅಗಲ, ಇನ್ನೊಂದು ತುದಿ ಸೂಜಿಯಂತಿರುವ ತುಂಡುಗಳು ಬೀಳುತ್ತವೆ. ಹಾಗಾಗಿ ಮೇಸ್ತ್ರಿ ಗೋಡೆಯನ್ನು ಬದಿಗಿಟ್ಟು ತನ್ನದೇ ನೇರ ಮೂಲೆಯನ್ನು ಸೃಷ್ಟಿಸಿಕೊಳ್ಳುತ್ತಾನೆ. ಒಂದು ದಾರದ ಮೇಲೆ ಮೂರು ಅಡಿ, ಇನ್ನೊಂದರ ಮೇಲೆ ನಾಲ್ಕು ಅಡಿ ಗುರುತು ಹಾಕಿ, ಆ ಎರಡು ಗುರುತುಗಳ ನಡುವೆ ಸರಿಯಾಗಿ ಐದು ಅಡಿ ಬರುವವರೆಗೆ ದಾರವನ್ನು ಸರಿಸುವುದು. ಹೈಸ್ಕೂಲಿನಲ್ಲಿ ಪೈಥಾಗೊರಸ್ ಪ್ರಮೇಯದಲ್ಲಿ ಫೇಲಾದ ಹುಡುಗ ಇದನ್ನು ಹತ್ತು ನಿಮಿಷದಲ್ಲಿ ಕಲಿಯುತ್ತಾನೆ, ದೊಡ್ಡ ಹಾಲ್ ಆದರೆ ಆರು, ಎಂಟು, ಹತ್ತು ಎಂದು ತಾನೇ ದುಪ್ಪಟ್ಟು ಮಾಡಿಕೊಳ್ಳುತ್ತಾನೆ.

ಹತ್ತು ನಿಮಿಷದಲ್ಲಿ ಬಾರದ ಪಾಠ ಇನ್ನೊಂದಿದೆ. ತುಂಡು ಟೈಲ್ಸ್ ಎಲ್ಲಿಗೆ ಹೋಗಬೇಕು? ಬಾಗಿಲಿನಿಂದ ಒಳಬರುವವರ ಕಣ್ಣು ಮೊದಲು ಎಲ್ಲಿ ಬೀಳುತ್ತದೆ, ಸೋಫಾ ಎಲ್ಲಿ ಬರುತ್ತದೆ, ಹಾಲ್‌ನ ಟೈಲ್ಸ್ ಸಂದಿಗೆರೆ ಅಡುಗೆಮನೆಯೊಳಕ್ಕೆ ನೇರವಾಗಿ ಮುಂದುವರಿಯುತ್ತದೆಯೇ? ಇಡೀ ಮನೆಯನ್ನು ತಲೆಯಲ್ಲಿಟ್ಟುಕೊಂಡು ಮೊದಲ ಟೈಲ್ ಇಡಬೇಕು. ಕಲಿಯುವವನು ಹಾಸುವುದನ್ನಷ್ಟೇ ನೋಡುತ್ತಿರುತ್ತಾನೆ. ಹಾಸುವ ಮುನ್ನ ಮೇಸ್ತ್ರಿ ಬೀಡಿ ಸೇದುತ್ತ ಖಾಲಿ ಕೋಣೆಯನ್ನು ದಿಟ್ಟಿಸುವ ಕಾಲು ಗಂಟೆಯಲ್ಲಿ ನಡೆಯುವ ಲೆಕ್ಕಾಚಾರ ಅವನಿಗೆ ಕಾಣುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದರೆ ಮಾತ್ರ ತಿಳಿಯುತ್ತದೆ, ಮತ್ತು ಹೇಳುವ ರೂಢಿ ನಮ್ಮಲ್ಲಿಲ್ಲ.

ನೋಡಿ ಕಲಿಯುವ ಪದ್ಧತಿಗೆ ಅದರದೇ ಘನತೆಯಿದೆ. ಕೆಂಪು ಕಾವಿ ನೆಲಗಳನ್ನು ನೆನೆಯಿರಿ. ಸಿಮೆಂಟಿಗೆ ರೆಡ್ ಆಕ್ಸೈಡ್ ಬೆರೆಸಿ ಮೇಲ್ಪದರ ಹಾಕಿ, ಅದು ಪೂರ್ತಿ ಬಿಗಿಯುವ ಮುನ್ನ, ಆದರೆ ಕರಣೆಗೆ ಅಂಟುವಷ್ಟು ಹಸಿಯೂ ಇರದ ಒಂದು ಹೊತ್ತಿನಲ್ಲಿ ತಿಕ್ಕಿ ತಿಕ್ಕಿ ಹೊಳಪು ತರಬೇಕು. ಆ ಹೊತ್ತು ಯಾವುದು ಎಂಬುದನ್ನು ಬಿಸಿಲು, ಗಾಳಿ, ಮಳೆಗಾಲ ನಿರ್ಧರಿಸುತ್ತವೆ. ಅಂಥ ಕೆಲಸವನ್ನು ಪಕ್ಕದಲ್ಲಿ ಕುಳಿತೇ ಕಲಿಯಬೇಕು. ಆದರೆ ನೋಡಿ ಕಲಿತವನ ಕೈಗೆ ರೂಢಿ ಬರುತ್ತದೆ, ಕಾರಣ ಬರುವುದಿಲ್ಲ. ಸಾಮಗ್ರಿ ಬದಲಾಗದಿರುವವರೆಗೆ ಇದು ತೊಂದರೆ ಕೊಡುವುದಿಲ್ಲ. ನಮ್ಮ ನೆಲಗಳ ಸಾಮಗ್ರಿಯಾದರೋ ಒಂದು ತಲೆಮಾರಿನಲ್ಲಿ ಕಾವಿ, ಶಹಾಬಾದ್ ಕಲ್ಲು, ಮೊಸಾಯಿಕ್, ಗ್ರಾನೈಟ್ ಎಲ್ಲವನ್ನೂ ದಾಟಿ ಗುಜರಾತಿನ ಮೋರ್ಬಿಯಿಂದ ಬರುವ ವಿಟ್ರಿಫೈಡ್ ಟೈಲ್ಸ್‌ಗೆ ಬಂದು ನಿಂತಿದೆ.

ಇಲ್ಲೇ ದೊಡ್ಡ ಎಡವಟ್ಟು ಆಗಿರುವುದು. ಹಳೆಯ ಸಿರಾಮಿಕ್ ಟೈಲ್ಸ್ ನೀರು ಕುಡಿಯುತ್ತಿದ್ದವು. ಹಾಸುವ ಮುನ್ನ ಅವುಗಳನ್ನು ತೊಟ್ಟಿಯಲ್ಲಿ ನೆನೆಸುತ್ತಿದ್ದರು, ಇಲ್ಲದಿದ್ದರೆ ಒಣ ಟೈಲ್ ಸಿಮೆಂಟಿನ ನೀರನ್ನು ಹೀರಿ ಸಿಮೆಂಟ್ ಗಟ್ಟಿಯಾಗದಂತೆ ಮಾಡುತ್ತಿತ್ತು. ನೆನೆದ ಟೈಲಿನ ಬೆನ್ನಿನ ಸಣ್ಣ ರಂಧ್ರಗಳಿಗೆ ಸಿಮೆಂಟ್ ಹಾಲು, ಅಂದರೆ ನೀರಿನಲ್ಲಿ ಕಲಸಿದ ತೆಳು ಸಿಮೆಂಟ್, ಇಳಿದು ಕಚ್ಚಿಕೊಳ್ಳುತ್ತಿತ್ತು. ವಿಟ್ರಿಫೈಡ್ ಟೈಲ್ ಹೆಚ್ಚುಕಡಿಮೆ ಗಾಜು. ಅದು ಹೀರುವ ನೀರು ತನ್ನ ತೂಕದ ಶೇ. 0.5ನ್ನೂ ಮೀರುವುದಿಲ್ಲ. ಸಿಮೆಂಟ್ ಹಾಲಿಗೆ ಇಳಿಯಲು ರಂಧ್ರವೇ ಇಲ್ಲದ ಮೇಲೆ ಹಿಡಿತ ಎಲ್ಲಿಂದ ಬರಬೇಕು? ಅದಕ್ಕೆಂದೇ ಪಾಲಿಮರ್ ಬೆರೆಸಿದ ಅಂಟುಗಳಿವೆ, ಐಎಸ್ 15477 ಎಂಬ ಭಾರತೀಯ ಮಾನದಂಡ ಅವುಗಳನ್ನು ವರ್ಗೀಕರಿಸಿಯೂ ಇದೆ. ಆದರೆ ಮೇಸ್ತ್ರಿ ತನ್ನ ಗುರುವಿನಿಂದ ಕಂಡದ್ದು ಸಿಮೆಂಟ್ ಹಾಲು, ಹುಡುಗ ಮೇಸ್ತ್ರಿಯಿಂದ ಕಾಣುವುದೂ ಅದೇ. ವಿಟ್ರಿಫೈಡ್ ಟೈಲ್ಸ್ ಅನ್ನು ಶ್ರದ್ಧೆಯಿಂದ ನೀರಿನಲ್ಲಿ ನೆನೆಸಿಡುವವರನ್ನು ಈಗಲೂ ಕಾಣಬಹುದು. ಗುರುಭಕ್ತಿಯಲ್ಲಿ ಕೊರತೆಯಿಲ್ಲ.

ಅಂಟು ಬಳಸುವವರ ಕಲಿಕೆಯೂ ಅರ್ಧಕ್ಕೆ ನಿಂತಿರುತ್ತದೆ. ಟೈಲಿನ ಬೆನ್ನಿಗೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಎಂದು ಐದು ಉಂಡೆ ಇಟ್ಟು ಒತ್ತಿಬಿಡುವುದು ಬಹಳ ಕಡೆ ಕಾಣುವ ದೃಶ್ಯ. ಉಂಡೆಗಳ ನಡುವೆ ಪೊಳ್ಳು ಉಳಿಯುತ್ತದೆ. ಅದರ ಮೇಲೆ ಮಂಚದ ಕಾಲು ಬಂದರೆ ಟೈಲ್ ಸೀಳುತ್ತದೆ, ಬಚ್ಚಲಾದರೆ ನೀರು ಸೇರುತ್ತದೆ. ಸರಿಯಾದ ವಿಧಾನದಲ್ಲಿ ಹಲ್ಲುಕರಣೆಯಿಂದ ಅಂಟನ್ನು ಒಂದೇ ದಿಕ್ಕಿನ ಸಾಲುಗಳಾಗಿ ಎಳೆಯಬೇಕು, ಹೊಲದಲ್ಲಿ ನೇಗಿಲಸಾಲು ಹೊಡೆದಂತೆ. ಟೈಲ್ ಇಟ್ಟು ಸಾಲುಗಳಿಗೆ ಅಡ್ಡಲಾಗಿ ಅಲುಗಿಸಿದಾಗ ಸಾಲುಗಳು ಕುಸಿದು ನಡುವಿನ ಗಾಳಿ ತುದಿಯಿಂದ ಹೊರಹೋಗುತ್ತದೆ. ಸುತ್ತಿ ಸುತ್ತಿ ಕಾಮನಬಿಲ್ಲಿನಂತೆ ಎಳೆದರೆ ನೋಡಲು ಚೆಂದ, ಗಾಳಿಗೆ ಮಾತ್ರ ಹೊರದಾರಿಯಿಲ್ಲ. ಅಮೆರಿಕದ ಮಾನದಂಡದ ಪ್ರಕಾರ ಒಣ ಜಾಗದಲ್ಲಿ ಟೈಲಿನ ಬೆನ್ನಿನ ಶೇ. 80ರಷ್ಟು, ಒದ್ದೆ ಜಾಗದಲ್ಲಿ ಶೇ. 95ರಷ್ಟು ಭಾಗಕ್ಕೆ ಅಂಟು ತಾಗಿರಬೇಕು. ಇದನ್ನು ತಿಳಿಯುವ ಒಂದೇ ದಾರಿ, ಆಗತಾನೇ ಹಾಸಿದ ಟೈಲನ್ನು ಕಿತ್ತು ತಿರುಗಿಸಿ ನೋಡುವುದು. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಆದರೆ ಹಾಸಿದ್ದನ್ನು ಕೀಳಲು ಯಾವ ಮೇಸ್ತ್ರಿ ಬಿಡುತ್ತಾನೆ?

ಅವನು ಬಿಡದಿರುವುದು ಕೆಟ್ಟತನದಿಂದಲ್ಲ, ಅವನ ಕೂಲಿ ಚದರಡಿ ಲೆಕ್ಕದ್ದು. ಬಿಲ್ಡರ್ ಗುತ್ತಿಗೆದಾರನಿಗೆ, ಗುತ್ತಿಗೆದಾರ ಉಪಗುತ್ತಿಗೆದಾರನಿಗೆ, ಅವನು ಮೇಸ್ತ್ರಿಗೆ ಕೊಡುವ ಕೆಲಸ ಪ್ರತಿ ಮೆಟ್ಟಿಲಿನಲ್ಲೂ ಒಂದಿಷ್ಟು ತೆಳುವಾಗುತ್ತ ಬಂದು, ಕೊನೆಗೆ ದಿನಕ್ಕೆ ಎಷ್ಟು ಚದರಡಿ ಎಂಬ ಒಂದೇ ಪ್ರಶ್ನೆಯಾಗಿ ಉಳಿಯುತ್ತದೆ. ಹುಡುಗನಿಗೆ ಕರಣೆ ಕೊಟ್ಟ ದಿನ ಚದರಡಿ ಅರ್ಧಕ್ಕೆ ಇಳಿಯುತ್ತದೆ. ಅವನು ಒಡೆದ ಟೈಲಿನ ಬೆಲೆ ಮೇಸ್ತ್ರಿಯ ಲೆಕ್ಕದಲ್ಲಿ ಕಡಿತವಾಗುತ್ತದೆ. ಇಷ್ಟೆಲ್ಲ ಸಹಿಸಿ ಕಲಿಸಿದರೆ ಹುಡುಗ ಎರಡು ವರ್ಷದ ನಂತರ ಪಕ್ಕದ ಬಡಾವಣೆಯಲ್ಲಿ ಐದು ರೂಪಾಯಿ ಕಡಿಮೆ ದರ ಹೇಳಿ ಇವನ ಕೆಲಸವನ್ನೇ ಹಿಡಿಯುತ್ತಾನೆ. ಹೀಗಿರುವಾಗ ಬಾಮೈದನಿಗೋ ತಮ್ಮನಿಗೋ ಊರಿನ ಹುಡುಗನಿಗೋ ಬಿಟ್ಟು ಬೇರೆಯವರಿಗೆ ಕಲಿಸುವವನನ್ನು ಧರ್ಮಾತ್ಮನೆನ್ನಬೇಕು. ಬೆಂಗಳೂರಿನಲ್ಲಿ ಮಾರ್ಬಲ್ ಕೆಲಸಕ್ಕೆ ರಾಜಸ್ಥಾನದವರು ಎಂಬ ಮಾತು ಹುಟ್ಟಿದ್ದರ ಹಿಂದೆ ಇದೂ ಇದೆ. ಕೆಲಸ ನೆಂಟಸ್ತಿಕೆಯಲ್ಲಿ ಹರಿಯುತ್ತದೆ, ಏಕೆಂದರೆ ನಷ್ಟವನ್ನು ನೆಂಟರಿಗಾಗಿ ಮಾತ್ರ ಸಹಿಸಿಕೊಳ್ಳಬಹುದು.

ಹಾಗಾದರೆ ಕಾನೂನು? 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಸರ್ಕಾರಿ ಕನ್ನಡದಲ್ಲಿ ಅಪ್ರೆಂಟಿಸ್‌ಗೆ ಶಿಶಿಕ್ಷು ಎನ್ನುತ್ತಾರೆ, ಆ ಪದವನ್ನು ಕೇಳಿದ ಮೇಸ್ತ್ರಿಯನ್ನು ನಾನಿನ್ನೂ ಕಂಡಿಲ್ಲ. 2019ರಲ್ಲಿ ತಿದ್ದಿದ ನಿಯಮಗಳ ಪ್ರಕಾರ 30 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ನಾಲ್ಕರಿಂದ 29 ಮಂದಿ ಇದ್ದರೆ ಅದು ಐಚ್ಛಿಕ. 2016ರಲ್ಲಿ ಶುರುವಾದ ರಾಷ್ಟ್ರೀಯ ಅಪ್ರೆಂಟಿಸ್ ಉತ್ತೇಜನ ಯೋಜನೆಯಲ್ಲಿ ಕೇಂದ್ರ ಸರ್ಕಾರ ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿಯ ಮಿತಿಯಲ್ಲಿ, ತಾನು ಭರಿಸುತ್ತದೆ. ಕಾರ್ಖಾನೆಗೆ ಇದು ಒಪ್ಪುತ್ತದೆ. ನೆಲ ಹಾಸುವವರು ಇರುವುದು ಐದಾರು ಜನರ ತಂಡಗಳಲ್ಲಿ. ಮೇಸ್ತ್ರಿಗೆ ಕಚೇರಿಯಿಲ್ಲ, ನೋಂದಣಿಯಿಲ್ಲ, ಒಂದು ಬೈಕು, ಒಂದು ಕಟಿಂಗ್ ಮಷಿನ್, ಒಂದು ಫೋನ್ ಇವೆ. ಕಲಿಸುವ ಸಾಮರ್ಥ್ಯವಿರುವವನು ಕಾನೂನಿನ ಕಣ್ಣಿಗೆ ಸಂಸ್ಥೆಯೇ ಅಲ್ಲ, ಕಾನೂನಿಗೆ ಕಾಣುವ ದೊಡ್ಡ ಕಂಪನಿಯ ಕೈಯಲ್ಲಿ ಕರಣೆಯಿಲ್ಲ.

ಐಟಿಐಗಳಲ್ಲಿ ಒಂದು ವರ್ಷದ ಮೇಸನ್ ಕೋರ್ಸ್ ಇದೆ, ಎಂಟನೇ ತರಗತಿ ಪಾಸಾದವರು ಸೇರಬಹುದು. ಅದರಲ್ಲಿ ಇಟ್ಟಿಗೆ, ಪ್ಲಾಸ್ಟರ್ ಎಲ್ಲದರ ನಡುವೆ ನೆಲವೂ ಒಂದು ಪಾಠ. ಕೌಶಲ ಅಭಿವೃದ್ಧಿ ಯೋಜನೆಗಳಲ್ಲಿ ಟೈಲ್ಸ್ ಕೆಲಸಕ್ಕೆಂದೇ ಪ್ರತ್ಯೇಕ ಅರ್ಹತೆಯನ್ನು ಗೊತ್ತುಪಡಿಸಿದ್ದಾರೆ. ಈಗಾಗಲೇ ಕೆಲಸ ಬಲ್ಲವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೂ ಇದೆ. ಇದು ಒಳ್ಳೆಯದೇ, ಗಲ್ಫ್‌ಗೆ ಹೋಗುವವರಿಗೆ ಕಾಗದ ಕೈಯಲ್ಲಿರುತ್ತದೆ. ಆದರೆ ಬಲ್ಲದ್ದಕ್ಕೆ ಮುದ್ರೆ ಒತ್ತುವುದು ಬೇರೆ, ಬಾರದ್ದನ್ನು ಕಲಿಸುವುದು ಬೇರೆ.

ಖರ್ಚಿನ ಈ ಗಂಟನ್ನು ಬಿಡಿಸಿಕೊಂಡ ದೇಶವೆಂದರೆ ಜರ್ಮನಿ. ಅಲ್ಲಿ ಟೈಲ್ಸ್ ಹಾಸುವ ಕಲಿಕೆ ಮೂರು ವರ್ಷ. ಹುಡುಗ ಒಂದು ಕಂಪನಿಯ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾನೆ, ಸಂಬಳ ಪಡೆಯುತ್ತಾನೆ, ವೃತ್ತಿಶಾಲೆಗೆ ಹೋಗುತ್ತಾನೆ. ಜೊತೆಗೆ, ಮೊದಲ ವರ್ಷದ ದೊಡ್ಡ ಭಾಗವನ್ನು ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ತರಬೇತಿ ಕೇಂದ್ರದಲ್ಲಿ ಕಳೆಯುತ್ತಾನೆ. ಯಾರ ಮನೆಯೂ ಅಲ್ಲದ ಗೋಡೆ, ಯಾರ ಬಚ್ಚಲೂ ಅಲ್ಲದ ನೆಲ. ಅಲ್ಲಿ ಹಾಸಬಹುದು, ಕೀಳಬಹುದು, ತಿರುಗಿಸಿ ನೋಡಬಹುದು. ಹಣ ಬರುವುದು ಸೋಕಾ-ಬೌ ಎಂಬ ನಿರ್ಮಾಣ ಉದ್ಯಮದ ನಿಧಿಯಿಂದ. ಕಲಿಸುವ ಕಂಪನಿ, ಕಲಿಸದ ಕಂಪನಿ ಎಂಬ ಭೇದವಿಲ್ಲದೆ ಎಲ್ಲರಿಂದಲೂ ಸಂಬಳದ ಮೊತ್ತದ ಮೇಲೆ ವಂತಿಗೆ ಸಂಗ್ರಹಿಸಿ, ಕಲಿಸಿದವರಿಗೆ ಖರ್ಚಿನ ಪಾಲನ್ನು ಮರಳಿಸುತ್ತಾರೆ. ಪಕ್ಕದ ಕಂಪನಿ ತರಬೇತಾದ ಹುಡುಗನನ್ನು ಎಳೆದುಕೊಂಡರೂ ಅವನ ಕಲಿಕೆಗೆ ಅದೂ ಹಣ ತೆತ್ತಿರುತ್ತದೆ.

ಜರ್ಮನಿಯೂ ಒಮ್ಮೆ ಎಡವಿದೆ. 2004ರಲ್ಲಿ ಮಾರುಕಟ್ಟೆಯನ್ನು ಸಡಿಲಿಸುವ ಉತ್ಸಾಹದಲ್ಲಿ 53 ಕಸುಬುಗಳಲ್ಲಿ ಸ್ವಂತ ಉದ್ಯಮ ತೆರೆಯಲು ಮೇಸ್ತ್ರಿ ಪರೀಕ್ಷೆ ಕಡ್ಡಾಯವಲ್ಲ ಎಂದು ಮಾಡಿದರು, ಟೈಲ್ಸ್ ಕೆಲಸ ಅದರಲ್ಲೊಂದು. ಒಬ್ಬಂಟಿ ಉದ್ಯಮಗಳು ಅಣಬೆಗಳಂತೆ ಎದ್ದವು, ಕಲಿಯುವವರ ಸಂಖ್ಯೆ ಕುಸಿಯಿತು. ಒಬ್ಬನೇ ದುಡಿಯುವವನು ಯಾರಿಗೆ ಕಲಿಸುತ್ತಾನೆ? 2020ರಲ್ಲಿ 12 ಕಸುಬುಗಳಿಗೆ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿದರು. ಟೈಲ್ಸ್, ಮರದ ಪಾರ್ಕೆ ನೆಲ, ಟೈಲ್ಸ್ ಕೆಳಗಿನ ಗಾರೆ ಹಾಸು, ಕಲ್ಲುಚೂರು ಬೆರೆಸಿದ ಟೆರಾಝೋ ನಾಲ್ಕೂ ಆ ಪಟ್ಟಿಯಲ್ಲಿವೆ. ನಮ್ಮ ಮೇಸ್ತ್ರಿಗಳಿಗೆ ಪರೀಕ್ಷೆ ಕಡ್ಡಾಯ ಮಾಡಿ ಎಂದು ನಾನು ಹೇಳುತ್ತಿಲ್ಲ, ಲಂಚಕ್ಕೆ ಇನ್ನೊಂದು ಕಿಟಕಿ ತೆರೆದಂತಾಗುತ್ತದೆ. ಆದರೆ ವಂತಿಗೆ ನಮ್ಮಲ್ಲಿ ಈಗಾಗಲೇ ಇದೆ. 1996ರ ಕಾನೂನುಗಳಿಂದ ಶುರುವಾದ ವ್ಯವಸ್ಥೆಯಲ್ಲಿ ಕಟ್ಟಡ ವೆಚ್ಚದ ಶೇ. 1ರಷ್ಟು ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತಿದೆ. ಕಲಿಸುವ ಮೇಸ್ತ್ರಿಗೆ ಅವನು ಕಳೆದುಕೊಳ್ಳುವ ಚದರಡಿಯ ಬೆಲೆಯನ್ನು ಅದರಿಂದ ತುಂಬಿಕೊಡಲು ಸಾಧ್ಯವಾದರೆ, ತಾಲ್ಲೂಕಿಗೊಂದು ಷೆಡ್ಡಿನಲ್ಲಿ ಕಿತ್ತು ಹಾಸುವ ನೆಲವಿದ್ದರೆ, ಎಷ್ಟೋ ಬಚ್ಚಲುಗಳು ಪಾಠಶಾಲೆಯಾಗುವುದು ತಪ್ಪುತ್ತಿತ್ತು.

ತಪ್ಪಿದರೆ ತಿದ್ದಲಾಗದ ಪಾಠವೂ ಒಂದಿದೆ, ಅದನ್ನು ಮೊದಲ ದಿನವೇ ಹೇಳಬೇಕು. ಗ್ರಾನೈಟ್ ಮತ್ತು ಟೈಲ್ಸ್ ಒಣದಾಗಿ ಕತ್ತರಿಸಿದಾಗ ಏಳುವ ಬಿಳಿ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಶ್ವಾಸಕೋಶಕ್ಕೆ ಹೋದದ್ದು ಹೊರಗೆ ಬರುವುದಿಲ್ಲ, ಅದರಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗಕ್ಕೆ ವಾಸಿಮಾಡುವ ಮದ್ದಿಲ್ಲ. ಅಡುಗೆಮನೆಯ ಕಟ್ಟೆಗೆ ಬಳಸುವ ಕೃತಕ ಕ್ವಾರ್ಟ್ಜ್ ಕಲ್ಲನ್ನು ಆಸ್ಟ್ರೇಲಿಯಾ 2024ರ ಜುಲೈಯಿಂದ ನಿಷೇಧಿಸಿದ್ದು ಈ ಧೂಳಿನ ಕಾರಣಕ್ಕೇ. ಮೂಗಿಗೆ ಕಟ್ಟಿದ ಟವೆಲ್ ಇದನ್ನು ತಡೆಯುವುದಿಲ್ಲ. ಕತ್ತರಿಸುವಾಗ ನೀರು ಹಾಯಿಸಬೇಕು, ಸರಿಯಾದ ಮಾಸ್ಕ್ ಹಾಕಬೇಕು. ಹಸಿ ಸಿಮೆಂಟ್ ತೀವ್ರ ಕ್ಷಾರ, ಬರಿಗೈಯ ಚರ್ಮವನ್ನು ಸುಡುತ್ತದೆ. ಮಂಡಿಗೆ ದಪ್ಪ ಪಟ್ಟಿಯಿಲ್ಲದೆ ದಿನವಿಡೀ ಮೊಣಕಾಲೂರಿದವನಿಗೆ ನಲವತ್ತಕ್ಕೇ ಮೆಟ್ಟಿಲು ಹತ್ತುವುದು ಕಷ್ಟ. ಮೇಸ್ತ್ರಿಯೇ ಮಾಸ್ಕ್ ಹಾಕದಿದ್ದರೆ ಹುಡುಗ ಹಾಕುವುದಿಲ್ಲ. ನೋಡಿ ಕಲಿಯುವ ಪದ್ಧತಿಯ ಇನ್ನೊಂದು ಫಲ ಇದು.

ಅದೇ ಸೈಟಿನಲ್ಲಿ ಹತ್ತು ವರ್ಷದಿಂದ ಗಾರೆಯ ಬಾಂಡ್ಲಿ ಹೊರುತ್ತಿರುವ ಹೆಂಗಸೂ ಇರುತ್ತಾಳೆ. ಗಾರೆಯ ಹದ ಹುಡುಗನಿಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಕರಣೆ ಮಾತ್ರ ನಿನ್ನೆ ಬಂದ ಹುಡುಗನಿಗೆ ಸಿಗುತ್ತದೆ. ಜಾರ್ಖಂಡದಲ್ಲಿ ಶೌಚಾಲಯ ಕಟ್ಟುವ ಅಭಿಯಾನಕ್ಕೆ ಗಾರೆಯವರು ಸಾಲದೆ ಹೋದಾಗ ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟರು, ಅವರಿಗೆ ರಾಣಿ ಮಿಸ್ತ್ರಿ ಎಂದು ಹೆಸರಾಯಿತು. ಕೈಗೆ ಕರಣೆ ಕೊಟ್ಟದ್ದೇ ತಡ, ಉಳಿದದ್ದು ಸಾಗಿತು.

ಇನ್ನು ಬಚ್ಚಲಿಗೆ ಮರಳೋಣ. ಕಲಿಯುವವನಿಗೆ ಮೇಸ್ತ್ರಿ ಹಾಲ್ ಕೊಡುವುದಿಲ್ಲ, ಅದು ಎಲ್ಲರ ಕಣ್ಣಿಗೆ ಬೀಳುವ ಜಾಗ. ಮೆಟ್ಟಿಲ ಕೆಳಗಿನ ಮೂಲೆ, ಹಿತ್ತಲ ಬಟ್ಟೆ ಒಗೆಯುವ ಜಾಗ, ಮಕ್ಕಳ ಕೋಣೆಯ ಬಚ್ಚಲು ಇವನ್ನು ಕೊಡುತ್ತಾನೆ. ಚಿಕ್ಕದು, ಯಾರೂ ನೋಡುವುದಿಲ್ಲ, ನಷ್ಟ ಕಡಿಮೆ. ಆದರೆ ಇಡೀ ಮನೆಯಲ್ಲಿ ಅತಿ ಕಷ್ಟದ ನೆಲ ಬಚ್ಚಲಿನದೇ. ಹಾಲ್ ಮಟ್ಟವಾಗಿದ್ದರೆ ಸಾಕು, ಬಚ್ಚಲು ನಾಲ್ಕೂ ಕಡೆಯಿಂದ ಜಾಲರಿಯತ್ತ ಇಳಿಯಬೇಕು, ಎಂಟು ಅಡಿಗೆ ಸುಮಾರು ಒಂದು ಇಂಚಿನಷ್ಟು. ಬಾಗಿಲ ಬಳಿ ಎತ್ತರ, ಜಾಲರಿಯ ಬಳಿ ತಗ್ಗು, ನಡುವೆ ದೊಡ್ಡ ಟೈಲ್ ಆದರೆ ಎರಡು ದಿಕ್ಕಿಗೆ ಬಾಗಲಾರದು, ಮೂಲೆಯಿಂದ ಮೂಲೆಗೆ ಕತ್ತರಿಸಿ ಕೂರಿಸಬೇಕು. ಮಟ್ಟ ನೋಡುವ ರಸಮಟ್ಟದ ಗುಳ್ಳೆ ನಡುವೆ ಬಂದರೆ ಸರಿ ಎಂದು ಕಲಿತ ಹುಡುಗನಿಗೆ ಇಲ್ಲಿ ಗುಳ್ಳೆ ನಡುವೆ ಬಂದರೆ ತಪ್ಪು. ಇದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ.

ಮನೆ ಕಟ್ಟಿಸುತ್ತಿರುವವರು ಒಂದು ಕೆಲಸ ಮಾಡಬಹುದು. ಟೈಲ್ಸ್ ಹಾಸುವ ಮುನ್ನ, ಕೆಳಗಿನ ಗಾರೆಯ ಇಳಿಜಾರು ಗಟ್ಟಿಯಾದ ಮೇಲೆ, ಬಾಗಿಲ ಬಳಿ ಒಂದು ಬಕೆಟ್ ನೀರು ಸುರಿಯಿರಿ. ಮೇಸ್ತ್ರಿ ಜೊತೆಗಿರಲಿ, ಹುಡುಗನನ್ನೂ ಕರೆಯಿರಿ. ನೀರು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಅವನೇ ಸೀಮೆಸುಣ್ಣದಿಂದ ಗುರುತು ಹಾಕಲಿ. ತಿದ್ದಿಸಿ ಮತ್ತೆ ಸುರಿಯಿರಿ. ಅಂಟು ಬಳಿಯುವ ದಿನ ಮೊದಲ ಐದಾರು ಟೈಲ್ಸ್ ಆದ ಮೇಲೆ ಒಂದನ್ನು ಕಿತ್ತು ತೋರಿಸಲು ಹೇಳಿ, ಆ ಅರ್ಧ ಗಂಟೆಯ ಕೂಲಿಯನ್ನು ಚದರಡಿ ಲೆಕ್ಕದಿಂದ ಹೊರಗಿಟ್ಟು ಬೇರೆಯಾಗಿ ಕೊಡುತ್ತೇನೆಂದು ಮೊದಲೇ ಮಾತಾಡಿಕೊಳ್ಳಿ. ನಮ್ಮ ಮನೆಯಲ್ಲಿ ಎರಡನೇ ಬಚ್ಚಲಿಗೆ ಹೀಗೆ ಮಾಡಿದೆವು. ಮೊದಲನೆಯದರಲ್ಲಿ ಪೊರಕೆ ಇದೆ.